ಬಂಡೆ ಎಬ್ಬಿಸಿದವರು, ಮಣ್ಣು ಒತ್ತಿದವರು

ದಾಬಸ್‌ಪೇಟೆಯಿಂದ ಶಿವಗಂಗೆಯ ಕಡೆ ಹೊರಟರೆ ಎಲ್ಲಕ್ಕೂ ಕಲ್ಲು. ಹೊಲದ ಬೇಲಿಗೆ ಕಲ್ಲುಕೂಚ, ಕೊಟ್ಟಿಗೆಯ ಗೋಡೆಗೆ ನಿಲ್ಲಿಸಿದ ಚಪ್ಪಡಿ, ಹಳೇ ಮನೆಯ ಚಾವಣಿಗೆ ಮಲಗಿಸಿದ ಚಪ್ಪಡಿ, ಜಗಲಿಗೂ ಚಪ್ಪಡಿ. ಅದೇ ಊರಿಂದ ಹೆದ್ದಾರಿಯ ಕಡೆ, ಸೋಂಪುರ ಕೈಗಾರಿಕಾ ಪ್ರದೇಶದ ಕಡೆ ತಿರುಗಿದರೆ ಹೊಸ ಕಟ್ಟಡಗಳ ಮುಖಕ್ಕೆ ಗಾಜು ಬರುತ್ತಿದೆ. ಗಾಜು ಮುಗಿದ ಕಡೆ ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಹಾಳೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಡ ಕಟ್ಟಡದ ಹಾಗೆಯೇ ತಮ್ಮದೂ ಇರಲಿ ಎಂಬ ಆಸೆ ಮಾಲೀಕರಿಗೆ ಇರುವುದು ಸಹಜ. ಆದರೆ ಗಾಜಿನ ಜಾಗದಲ್ಲಿ ಬೇರೆ ಏನು ಹಾಕಬಹುದು ಎಂಬ ಪ್ರಶ್ನೆಗೆ ಈ ಸುತ್ತಿನ ಜನ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. ಒಂದಲ್ಲ, ಮೂರು ಉತ್ತರ. ಒಂದನ್ನು ಕಂಡುಹಿಡಿದವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ, ಇನ್ನೊಂದು ವಿಜ್ಞಾನಿಗಳದು, ಮತ್ತೊಂದು ಒಬ್ಬ ವಾಸ್ತುಶಿಲ್ಪಿಯದು.

ಗಾಜಿನ ತೊಂದರೆ ಏನೆಂದು ಮೊದಲು ಹೇಳಿಬಿಡಬೇಕು. ನಾವಿರುವುದು ಭೂಮಧ್ಯರೇಖೆಯಿಂದ ಹದಿಮೂರು ಡಿಗ್ರಿ ಉತ್ತರಕ್ಕೆ. ಮಧ್ಯಾಹ್ನದ ಸೂರ್ಯ ವರ್ಷದ ಬಹುಪಾಲು ನೆತ್ತಿಯ ಹತ್ತಿರವೇ ಇರುವುದರಿಂದ ತೆಂಕಣ ಗೋಡೆಗೆ ಒಂದು ಸಜ್ಜ ಇಟ್ಟರೆ ನೆರಳು ಸಿಕ್ಕೀತು. ಮೂಡಣ ಮತ್ತು ಪಡುವಣ ಗೋಡೆಗಳಿಗೆ ಅದು ಸಾಲದು, ಅಲ್ಲಿ ಬಿಸಿಲು ಅಡ್ಡಡ್ಡ ಬಂದು ನೇರವಾಗಿ ಬಡಿಯುತ್ತದೆ. ಆರು ಮಿಲಿಮೀಟರಿನ ಸಾದಾ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಒಳಗೆ ಬಿಡುತ್ತದೆ. ಒಳಗಿನ ನೆಲ, ಮೇಜು, ಗೋಡೆಗಳು ಅದನ್ನು ಹೀರಿ ಬಿಸಿಯಾಗಿ ತಾವೇ ಶಾಖ ಸೂಸತೊಡಗುತ್ತವೆ. ಆ ಶಾಖದ ಅಲೆಗಳು ಉದ್ದನೆಯವು, ಗಾಜು ಅವನ್ನು ಹೊರಗೆ ಬಿಡುವುದಿಲ್ಲ. ಲೇಪನ ಹಾಕಿದ ದುಬಾರಿ ಗಾಜು ಈ ಹೊರೆಯನ್ನು ಬಹಳಷ್ಟು ಇಳಿಸುತ್ತದೆ ನಿಜ, ಪೂರ್ತಿ ನೀಗಿಸುವುದಿಲ್ಲ. ಉಳಿದದ್ದನ್ನು ಏಸಿ ಹೊರುತ್ತದೆ. ಫ್ಯಾನು ಸಾಕೆನಿಸುತ್ತಿದ್ದ, ಹಿತವಾದ ಹವೆಗೆ ಹೆಸರಾದ ಸೀಮೆಯಲ್ಲಿ ವರ್ಷವಿಡೀ ಏಸಿಗೆ ದುಡ್ಡು ಸುರಿಯುವ ಸ್ಥಿತಿಯನ್ನು ನಾವೇ ಕಟ್ಟಿಕೊಳ್ಳುತ್ತಿದ್ದೇವೆ. 

ಎಸಿಪಿಯನ್ನು ಗಾಜಿಗೆ ಬದಲಿ ಎನ್ನುವವರಿದ್ದಾರೆ. ಅದು ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ತುಂಬಿದ ಪ್ಲಾಸ್ಟಿಕ್ಕು. 2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ಬೆಂಕಿ ಹೊರಗೋಡೆ ಹಿಡಿದು ಅಷ್ಟು ಬೇಗ ಮೇಲೇರಿದ್ದಕ್ಕೆ ಮುಖ್ಯ ಕಾರಣ ಆ ಬಗೆಯ, ಪಾಲಿಥಿಲೀನ್ ತುಂಬಿದ ಹಾಳೆ. ಬೆಂಕಿ ತಡೆಯುವ ತಿರುಳಿನ ಹಾಳೆಗಳೂ ಮಾರುಕಟ್ಟೆಯಲ್ಲಿವೆ, ಆದರೆ ಹೊರಗಿನಿಂದ ನೋಡಿ ಯಾವುದು ಯಾವುದೆಂದು ಹೇಳಲಾಗದು. ನಮ್ಮ ಬೆಂಗಳೂರಿನಲ್ಲೇ 2010ರ ಫೆಬ್ರವರಿ 23ರಂದು ಹಳೇ ವಿಮಾನನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಮಂದಿ ತೀರಿಕೊಂಡರು. ಹೊಗೆಯಲ್ಲಿ ಸಿಕ್ಕಿಬಿದ್ದವರು ಉಸಿರಿಗಾಗಿ ಗಾಜು ಒಡೆಯಬೇಕಾಯಿತು. ತೆರೆಯಲಾಗುವ ಕಿಟಕಿ ಸೊಗಸಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ ಎಂದು ನಾನು ಅಂದಿನಿಂದ ನಂಬಿದ್ದೇನೆ.

ಈಗ ಮೊದಲ ಉತ್ತರಕ್ಕೆ ಬರೋಣ.

ಭೂವಿಜ್ಞಾನಿ ಎಚ್. ವಾರ್ತ್ ಎಂಬವರು 1895ರಲ್ಲಿ ‘ನೇಚರ್’ ಪತ್ರಿಕೆಗೆ ಬೆಂಗಳೂರಿನ ಕಲ್ಲುಗಣಿಯೊಂದರ ವಿವರ ಬರೆದರು. ಅಲ್ಲಿ ಸಿಡಿಮದ್ದಿಲ್ಲ, ಯಂತ್ರವಿಲ್ಲ. ಹಾಸುಬಂಡೆಯ ಮೇಲೆ ಕಲ್ಲುಕೆಲಸದವರು ಹಗುರ ಒಣಸೌದೆಯ ಒಂದು ಸಾಲು ಬೆಂಕಿ ಹಚ್ಚಿದರು, ಸುಮಾರು ಏಳಡಿ ಉದ್ದ. ಬೆಂಕಿಯ ಮುಂದಿನ ಬಂಡೆಯನ್ನು ಆಗಾಗ ಸುತ್ತಿಗೆಯಿಂದ ಬಡಿದು ಸದ್ದು ಕೇಳಿದರು. ಗಟ್ಟಿ ಸದ್ದಾದರೆ ಕಲ್ಲು ಇನ್ನೂ ತಾಯಿಬಂಡೆಗೆ ಅಂಟಿದೆ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಬಿಟ್ಟುಕೊಂಡಿದೆ. ಬಿಟ್ಟುಕೊಂಡ ಕೂಡಲೇ ಉರಿಯುವ ಕೊರಡುಗಳನ್ನು ಕೆಲವೇ ಅಂಗುಲ ಮುಂದಕ್ಕೆ ತಳ್ಳಿದರು. ಹೀಗೆ ಬೆಂಕಿಯ ಸಾಲು ಹಿಗ್ಗುತ್ತಾ ಬಂಡೆಯ ಮೇಲೆ ನಿಧಾನವಾಗಿ ಸಾಗಿತು. ಬೆಂಕಿ ಹಾದದ್ದು 460 ಚದರ ಅಡಿ ಜಾಗದ ಮೇಲೆ. ಆದರೆ ಬಿರುಕು ಬೆಂಕಿಯ ಎರಡೂ ಬದಿಗೆ ಮೂರು ಮೂರು ಅಡಿ ಆಚೆಗೂ ಹರಿದಿತ್ತು. ಕೊನೆಗೆ ಬಂಡೆಯಿಂದ ಬೇರೆಯಾಗಿದ್ದ ಚಪ್ಪಡಿ 740 ಚದರ ಅಡಿ, ಸರಾಸರಿ ದಪ್ಪ ಐದು ಅಂಗುಲ. ಸುಟ್ಟ ಸೌದೆ ಸುಮಾರು 760 ಕಿಲೋ. ಒಂದು ಪಾಲು ಸೌದೆಗೆ ಮೂವತ್ತು ಪಾಲು ಕಲ್ಲು ಎಂದು ವಾರ್ತ್ ಲೆಕ್ಕ ಕೊಟ್ಟಿದ್ದಾರೆ.

ಇದರ ಹಿಂದಿನ ವಿಜ್ಞಾನ ಸೊಗಸಾದದ್ದು. ಶಿವಗಂಗೆ, ಸಾವನದುರ್ಗ, ದೇವರಾಯನದುರ್ಗದ ಸಾಲಿನಲ್ಲಿ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್‌ಗೆ 250 ಕೋಟಿ ವರ್ಷ ವಯಸ್ಸು. ಕ್ಲೋಸ್ ಎಂಬ ಅಧಿಕಾರಿಯ ಹೆಸರಲ್ಲಿ ಇಂದಿನ ರಾಮನಗರ ಕ್ಲೋಸ್‌ಪೇಟೆಯಾದಂತೆ, ಡಾಬ್ಸ್ ಎಂಬ ಅಧಿಕಾರಿಯ ಹೆಸರಲ್ಲಿ ದಾಬಸ್‌ಪೇಟೆ ಆಯಿತು. ನೆಲದಾಳದಲ್ಲಿ ಭಾರೀ ಒತ್ತಡದಲ್ಲಿ ಹುಟ್ಟಿದ ಈ ಬಗೆಯ ಬಂಡೆ, ಮೇಲಿನ ಮಣ್ಣುಕಲ್ಲು ಸವೆದು ಹೋದ ಹಾಗೆಲ್ಲ ಮೇಲ್ಮೈಗೆ ಸಮಾನಾಂತರವಾಗಿ ಪದರ ಬಿಡಲು ಕಾದಿರುತ್ತದೆ. ಬೆಂಕಿ ಬಿದ್ದಾಗ ಮೇಲಿನ ಪದರ ಮಾತ್ರ ಹಿಗ್ಗುತ್ತದೆ, ಅಡಿಯದು ತಣ್ಣಗೇ ಇರುತ್ತದೆ. ಹಿಗ್ಗಿದ ಪದರ ಪಕ್ಕಕ್ಕೆ ಸರಿಯಲಾಗದೆ ಮೇಲಕ್ಕೆ ಏಳುತ್ತದೆ, ಬಿರುಕು ಅಡ್ಡಡ್ಡ ಓಡುತ್ತದೆ. ಬಂಡೆಯ ಈ ಮರ್ಮವನ್ನು ಹಿಡಿದವರು ಬೋವಿಗಳಂಥ ಕಲ್ಲುಕೆಲಸದ ಸಮುದಾಯದವರು. ಅವರು ಕಿವಿಯಿಂದ ಅಳೆದರು. ಯಾವ ಒಬ್ಬರ ಹೆಸರೂ ನಮಗೆ ಉಳಿದಿಲ್ಲ, ಆದರೆ ಐದಂಗುಲದ ಕಲ್ಲನ್ನು ಇಷ್ಟು ಅಗಲವಾಗಿ ಎಬ್ಬಿಸಿದ್ದು ಯಾವ ಪ್ರಯೋಗಾಲಯದ ಸಾಧನೆಗೂ ಕಡಿಮೆಯದಲ್ಲ. ಈಗ ಗಣಿಗಳಲ್ಲಿ ಕಟರ್ ಯಂತ್ರಗಳು ಬಂದಿವೆ. ಕಲ್ಲಿನ ದೂಳು ಎದೆಗೆ ಇಳಿದು ಕಾಯಿಲೆ ಬೀಳುವ ಕೆಲಸಗಾರರ ಸಂಕಟವೂ, ಬೆಟ್ಟಗಳೇ ಕರಗಿಹೋಗುವ ಆತಂಕವೂ ಜೊತೆಗೆ ಬಂದಿವೆ. ಹಾಗಾಗಿ ಇಡೀ ಗೋಡೆಗೆ ಕಲ್ಲು ಸುರಿಯಿರಿ ಎಂದು ನಾನು ಹೇಳಲಾರೆ. ತೆಳುವಾದ ಚಪ್ಪಡಿಯನ್ನು ಎಲ್ಲಿ ಬೇಕೋ ಅಲ್ಲಿ ಮಾತ್ರ ನಿಲ್ಲಿಸುವುದು ಹೇಗೆ ಎಂಬುದನ್ನು ಮುಂದೆ ನೋಡೋಣ.

ಎರಡನೆಯ ಕತೆ ಮಣ್ಣಿನದು. ನನ್ನ ಮಟ್ಟಿಗೆ ಮೂರರಲ್ಲಿ ಇದೇ ದೊಡ್ಡದು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್‌ರಸಾಯನ ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ‘ಅಸ್ತ್ರ’ ಶುರುವಾಯಿತು. ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಯ ಬದುಕಿಗೆ ಒದಗಿಸುವುದು ಅದರ ಗುರಿ. ಕನ್ನಡನಾಡಿನ ಅಡುಗೆಮನೆಗಳಿಗೆ ಈ ಹೆಸರು ಗೊತ್ತಾದದ್ದು ಹೊಗೆಯಿಲ್ಲದ ಅಸ್ತ್ರ ಒಲೆಯಿಂದ. ದಾಬಸ್‌ಪೇಟೆಯಿಂದ ನೈರುತ್ಯಕ್ಕೆ, ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರ ನೆಲೆಯಾಯಿತು. ಅದೇ ತಾಲ್ಲೂಕಿನ ಪುರ ಗ್ರಾಮದಲ್ಲಿ ಮುಂದೆ ಸಗಣಿ ಅನಿಲದಿಂದ ಊರಿಗೆ ನೀರು, ಬೆಳಕು ಕೊಡುವ ಪ್ರಯೋಗ ನಡೆಯಿತು. ಮನೆ ಕಟ್ಟುವ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಸಿವಿಲ್ ಎಂಜಿನಿಯರಿಂಗ್ ವಿಭಾಗದ ಕೆ.ಎಸ್. ಜಗದೀಶ್. ಅವರ ಜೊತೆಯಾದವರು ಬಿ.ವಿ. ವೆಂಕಟರಾಮ ರೆಡ್ಡಿ.

ಅದು ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲ. ಸುಟ್ಟ ಇಟ್ಟಿಗೆಗೆ ಸೌದೆ ಬೇಕು. ಇಟ್ಟಿಗೆಯೊಂದನ್ನು ಸುಡಲು ಬೇಕಾದ ಶಕ್ತಿಯನ್ನು ಜಗದೀಶ್ ಮತ್ತು ವೆಂಕಟರಾಮ ರೆಡ್ಡಿ 4.25 ಮೆಗಾಜೌಲ್ ಎಂದು ಲೆಕ್ಕ ಹಾಕಿದ್ದಾರೆ, ಅಂದರೆ ಇಟ್ಟಿಗೆಗೆ ಕಾಲು ಕಿಲೋಗಿಂತ ಹೆಚ್ಚು ಸೌದೆ. ಒಂದು ಚಿಕ್ಕ ಮನೆಗೆ ಎಷ್ಟು ಮರ ಉರಿಯಬೇಕೆಂದು ಯಾರಾದರೂ ಗುಣಿಸಿ ನೋಡಬಹುದು. ಹಾಗಿದ್ದರೆ ಸುಡದೆಯೇ ಇಟ್ಟಿಗೆ ಮಾಡಲಾಗದೇ? ಮಣ್ಣಿನ ಗೋಡೆ ನಮಗೆ ಹೊಸದಲ್ಲ, ಆದರೆ ಮಳೆಗೆ ಕರಗುತ್ತದೆ ಎಂಬ ಹೆದರಿಕೆಯೂ ಹಳೆಯದೇ. ಮಣ್ಣಿಗೆ ಒಂದಿಷ್ಟು ಸಿಮೆಂಟು ಬೆರೆಸಿ ಗಟ್ಟಿಮಾಡುವ ಯೋಚನೆ ದೇಶದಲ್ಲಿ ಆಗಲೇ ಇತ್ತು. ದೇಶವಿಭಜನೆಯಾದ ಮೇಲೆ, 1948ರಲ್ಲಿ, ಕರ್ನಾಲ್‌ನಲ್ಲಿ ನಿರಾಶ್ರಿತರಿಗಾಗಿ ಸುಮಾರು 4000 ಮನೆಗಳನ್ನು ಸಿಮೆಂಟು ಬೆರೆಸಿ ಬಡಿದ ಮಣ್ಣಿನ ಗೋಡೆಗಳಲ್ಲಿ ಕಟ್ಟಲಾಗಿತ್ತು. 1950ರ ದಶಕದಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ರಾವುಲ್ ರಾಮಿರೆಸ್ ಎಂಬ ಎಂಜಿನಿಯರ್ ಸನ್ನೆಕೋಲಿನಿಂದ ಮಣ್ಣು ಒತ್ತುವ ‘ಸಿನ್ವಾ ರ್‍ಯಾಮ್’ ಎಂಬ ಕೈಯಂತ್ರ ಮಾಡಿದ್ದರು, ಅದು ಲೋಕದ ಬಡ ದೇಶಗಳಲ್ಲೆಲ್ಲ ತಿರುಗಾಡಿತ್ತು.

ಯಂತ್ರ ಇದ್ದರೂ ಇಟ್ಟಿಗೆಗೆ ಭರವಸೆ ಇರಲಿಲ್ಲ. ಒಂದು ಗಟ್ಟಿ ಬಂದರೆ ಮತ್ತೊಂದು ಅಂಚು ಉದುರುತ್ತದೆ. ಬೆಂಗಳೂರಿನ ತಂಡ ತಲೆ ಕೆಡಿಸಿಕೊಂಡದ್ದು ಈ ಏರುಪೇರಿನ ಬಗ್ಗೆ. ಮಣ್ಣಿನ ಇಟ್ಟಿಗೆಯ ಬಲ ಬಹುಮಟ್ಟಿಗೆ ಅದರ ಸಾಂದ್ರತೆಯ ಮೇಲೆ ನಿಂತಿದೆ. ಅಚ್ಚಿನ ಅಳತೆ ಬದಲಾಗುವುದಿಲ್ಲ, ಆದ್ದರಿಂದ ಒಳಗೆ ಹಾಕುವ ಮಣ್ಣಿನ ತೂಕ ಒಂದೇ ಇದ್ದರೆ ಸಾಂದ್ರತೆಯೂ ಒಂದೇ ಆಗುತ್ತದೆ. ಹಾಗಾಗಿ ಅಂದಾಜಿನಲ್ಲಿ ಬಾಂಡ್ಲಿಯಿಂದ ಸುರಿಯುವುದನ್ನು ಬಿಟ್ಟು ಪ್ರತಿ ಇಟ್ಟಿಗೆಗೂ ಮಣ್ಣನ್ನು ತೂಗಿ ಹಾಕುವ ಪದ್ಧತಿ ತಂದರು. ಇಷ್ಟು ಸರಳ ಸಂಗತಿಯನ್ನು ಆವಿಷ್ಕಾರವೆನ್ನಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಹೌದು. ಹಳ್ಳಿಯ ಕೆಲಸಗಾರ ತಕ್ಕಡಿಯೊಂದರ ನೆರವಿನಿಂದ ಪ್ರಯೋಗಾಲಯದಷ್ಟೇ ನಂಬಿಕಸ್ತ ಇಟ್ಟಿಗೆ ತೆಗೆಯುವಂತಾದದ್ದು ಇದರಿಂದಲೇ.

ಮುಂದಿನ ಪ್ರಶ್ನೆ ಮನುಷ್ಯನ ತೋಳಿನದು. ರಸ್ತೆ ಎಂಜಿನಿಯರುಗಳು ಮಣ್ಣನ್ನು ಬಡಿದು ಗಟ್ಟಿ ಮಾಡುತ್ತಾರೆ, ಅವರ ಪಠ್ಯಗಳೆಲ್ಲ ಬಡಿತದ ಲೆಕ್ಕದವು. ಇಟ್ಟಿಗೆ ಯಂತ್ರದಲ್ಲಿ ಮಣ್ಣನ್ನು ನಿಧಾನಕ್ಕೆ ಒತ್ತಲಾಗುತ್ತದೆ. ಹೀಗೆ ಒತ್ತಿದರೆ ಎಷ್ಟು ನೀರಿನಂಶಕ್ಕೆ, ಎಷ್ಟು ಶಕ್ತಿಗೆ, ಎಷ್ಟು ಸಾಂದ್ರತೆ ಸಿಗುತ್ತದೆ ಎಂಬುದನ್ನು ವೆಂಕಟರಾಮ ರೆಡ್ಡಿ ತಮ್ಮ ಪಿಎಚ್‌ಡಿಯಲ್ಲಿ ಕೂತು ಅಳೆದರು. 1993ರಲ್ಲಿ ಈ ಸಂಶೋಧನೆ ‘ಜಿಯೊಟೆಕ್ನಿಕ್’ ಪತ್ರಿಕೆಯಲ್ಲಿ ಬಂತು. ಸನ್ನೆಕೋಲನ್ನು ಎಳೆಯುವ ಆಳು ದಿನವಿಡೀ ದಣಿಯದೆ ಕೊಡಬಲ್ಲ ಶಕ್ತಿಗೆ ಒಂದು ಮಿತಿಯಿದೆ, ಆ ಮಿತಿಯೊಳಗೇ ಒಳ್ಳೆಯ ಇಟ್ಟಿಗೆ ಬರಬೇಕು. ಬೆಂಗಳೂರಿನ ತಂಡ ರೂಪಿಸಿದ್ದು ‘ಅಸ್ತ್ರಾಮ್’ ಎಂಬ ಕೈಯಂತ್ರ. 230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರದ ಇಟ್ಟಿಗೆ ಅದರಿಂದ ಬರುತ್ತದೆ, ಒಣಗಿದಾಗ ಸುಮಾರು ಎಂಟು ಕಿಲೋ.

ಇನ್ನು ಮಳೆ. ಒಣಗಿದ ಇಟ್ಟಿಗೆಯ ಬಲ ನೋಡಿ ಹಿಗ್ಗಿದರೆ ಸಾಲದು, ನೀರಲ್ಲಿ ನೆನೆಸಿಟ್ಟ ಇಟ್ಟಿಗೆ ಎಷ್ಟು ಭಾರ ತಾಳುತ್ತದೆ ಎಂಬುದೇ ನಿಜವಾದ ಪರೀಕ್ಷೆ ಎಂದು ಈ ತಂಡ ಪಟ್ಟು ಹಿಡಿಯಿತು. ಜೊತೆಗೆ ಇಟ್ಟಿಗೆಗಳ ಮೈಗೆ ನೀರಿನ ಸಿಂಪರಣೆ ಹಾಯಿಸಿ, ಎಷ್ಟು ಮಣ್ಣು ಕೊಚ್ಚಿಹೋಯಿತೆಂದು ಅಳೆದು, ಅದನ್ನು ಮಳೆಗಾಲಗಳಿಗೆ ಹೊಂದಿಸಿ ನೋಡಿದರು. ಆ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಮಣ್ಣಿನ ಗುಣವೂ ತಿಳಿಯುತ್ತಾ ಹೋಯಿತು. ನಮ್ಮ ಕೆಮ್ಮಣ್ಣಿನ ಜೇಡಿ ನೀರು ಕುಡಿದು ಹೆಚ್ಚು ಉಬ್ಬುವ ಜಾತಿಯದಲ್ಲ, ಅದಕ್ಕೆ ಸಿಮೆಂಟು ಒಗ್ಗುತ್ತದೆ. ಉಬ್ಬುವ ಎರೆಮಣ್ಣಿಗೆ ಸುಣ್ಣ ಬೇಕು. ಜೇಡಿ ಹೆಚ್ಚಿದ್ದರೆ ಮರಳನ್ನೋ ಕ್ರಷರ್ ಪುಡಿಯನ್ನೋ ಬೆರೆಸಿ ತೆಳುಮಾಡಬೇಕು. ಜರಡಿ ಹಿಡಿದ ಅಂಥ ಮಣ್ಣಿಗೆ ನೂರಕ್ಕೆ ಆರೆಂಟು ಪಾಲು ಸಿಮೆಂಟು, ಹದವಾದ ತೇವ, ಒತ್ತಿ ತೆಗೆದ ಮೇಲೆ ಮೂರು ನಾಲ್ಕು ವಾರ ಒದ್ದೆ ಗೋಣಿಯ ಅಡಿಯಲ್ಲಿ ಆರೈಕೆ. ಗೂಡು ಬೇಡ, ಸೌದೆ ಬೇಡ. 

2003ರಲ್ಲಿ ಜಗದೀಶ್ ಮತ್ತು ವೆಂಕಟರಾಮ ರೆಡ್ಡಿ ಪ್ರಕಟಿಸಿದ ಲೆಕ್ಕವೇ ಈ ಬರಹಕ್ಕೆ ನನ್ನನ್ನು ಎಳೆದದ್ದು. ಕಟ್ಟಡದ ಸಾಮಗ್ರಿಯೊಂದನ್ನು ತಯಾರಿಸಲು ಎಷ್ಟು ಶಕ್ತಿ ಬೇಕು ಎಂದು ಅವರು ಪಟ್ಟಿ ಮಾಡಿದರು. ಕಿಲೋ ಒಂದಕ್ಕೆ ಸಿಮೆಂಟು 5.85 ಮೆಗಾಜೌಲ್, ಗಾಜು 25.8, ಅಲ್ಯೂಮಿನಿಯಂ 236.8. ಕಟ್ಟಿದ ಗೋಡೆಯ ಘನಮೀಟರಿಗೆ ಸುಟ್ಟ ಇಟ್ಟಿಗೆಯದು 2141, ಒತ್ತಿದ ಮಣ್ಣಿನ ಇಟ್ಟಿಗೆಯದು 646ರಿಂದ 810. ಈ ಅಂಕಿಗಳನ್ನು ಕಟ್ಟಡದ ಮುಖಕ್ಕೆ ಹಚ್ಚಿ ನೋಡಿ. ಆರು ಮಿಲಿಮೀಟರಿನ ಎರಡು ಪದರ ಗಾಜು ಚದರ ಮೀಟರಿಗೆ 30 ಕಿಲೋ ತೂಗುತ್ತದೆ, ಅದಕ್ಕೆ 774 ಮೆಗಾಜೌಲ್. ಅಷ್ಟೇ ಜಾಗಕ್ಕೆ 230 ಮಿಲಿಮೀಟರ್ ದಪ್ಪದ ಮಣ್ಣಿನ ಇಟ್ಟಿಗೆ ಗೋಡೆ ಎಬ್ಬಿಸಿದರೆ 149ರಿಂದ 186. ಗಾಜನ್ನು ಹಿಡಿದು ನಿಲ್ಲಿಸುವ ಅಲ್ಯೂಮಿನಿಯಂ ಚೌಕಟ್ಟನ್ನು ನಾನಿನ್ನೂ ಸೇರಿಸಿಯೇ ಇಲ್ಲ. ಇದು ಕಟ್ಟುವ ದಿನದ ಲೆಕ್ಕ. ಆಮೇಲೆ ದಿನದಿನದ ಏಸಿಯ ಲೆಕ್ಕದಲ್ಲೂ ದಪ್ಪ ಗೋಡೆಯೇ ಗೆಲ್ಲುತ್ತದೆ. ಮಧ್ಯಾಹ್ನ ಅದರ ಹೊರಮೈ ಹೀರಿದ ಶಾಖ ಒಳಮೈಗೆ ಬರಲು ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಆಫೀಸು ಬಾಗಿಲು ಹಾಕಿರುತ್ತದೆ.

ಅಸ್ತ್ರ ಇಂದು ‘ಸುಸ್ಥಿರ ತಂತ್ರಜ್ಞಾನ ಕೇಂದ್ರ’ ಎಂಬ ಹೆಸರಲ್ಲಿ ನಡೆಯುತ್ತಿದೆ. ಬಡವರ ಮನೆಗೆಂದು ಹುಟ್ಟಿದ ಇಟ್ಟಿಗೆಯನ್ನು ಬೆಂಗಳೂರಿನ ಉಳ್ಳವರೂ ಮೆಚ್ಚಿ ಕಟ್ಟಿಸಿಕೊಂಡರು. ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ತಾವು ಕಟ್ಟುವ ಮನೆಗಳಿಗೆ ಆಯಾ ನಿವೇಶನದ ಪಾಯ, ನೆಲಮಾಳಿಗೆ ಅಗೆದ ಮಣ್ಣನ್ನೇ ಇಟ್ಟಿಗೆ ಮಾಡಿ ಗೋಡೆಗೆ ಏರಿಸುತ್ತಾರೆ. ದಾಬಸ್‌ಪೇಟೆ ಸುತ್ತ ಕಾರ್ಖಾನೆಗೆಂದು ನೆಲ ಸಮ ಮಾಡುವಾಗ ಎದ್ದ ಮಣ್ಣು ಲಾರಿಯಲ್ಲಿ ಹೊರಟುಹೋಗುತ್ತದೆ, ಗಾಜು ಇನ್ನೊಂದು ಲಾರಿಯಲ್ಲಿ ಬರುತ್ತದೆ. ಇದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಮೂರನೆಯ ಉತ್ತರ ಬೆಂಗಳೂರಿನ ದೊಮ್ಮಲೂರಿನಲ್ಲಿದೆ, ಇಂಧನ ಸಂಶೋಧನೆಯ ಟೆರಿ ಸಂಸ್ಥೆಯ ಕಚೇರಿ. ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರಿಗೆ ಸಿಕ್ಕ ನಿವೇಶನದ ತೆಂಕಣ ಬದಿಗೆ ನಾರುವ ತೆರೆದ ಚರಂಡಿ ಇತ್ತು. ತಂಗಾಳಿ ಬರುತ್ತಿದ್ದದ್ದೂ ಆ ಕಡೆಯಿಂದಲೇ. ಗಾಜಿನ ಕಟ್ಟಡವಾಗಿದ್ದರೆ ಎಲ್ಲ ಮುಚ್ಚಿ ಏಸಿ ಹಾಕಿದರೆ ಮುಗಿಯಿತು. ಮೋಹೆ ಆ ಬದಿಯನ್ನು ಕಿಟಕಿಯಿಲ್ಲದ ಗೋಡೆ ಮಾಡಿ ಉತ್ತರಕ್ಕೆ ಕಟ್ಟಡವನ್ನು ತೆರೆದಿಟ್ಟರು. ತೆಂಕಣ ಗೋಡೆಯ ಹೊರಗೆ ಸ್ವಲ್ಪ ಸಂದು ಬಿಟ್ಟು ಕಪ್ಪು ಕಡಪಾ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಸಂದಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಹೋಗುತ್ತದೆ, ಆ ಸೆಳೆತಕ್ಕೆ ಉತ್ತರದ ಒಳ್ಳೆಯ ಗಾಳಿ ಕಟ್ಟಡದ ಒಳಗೆಲ್ಲ ಹಾದು ಬರುತ್ತದೆ. ಬಿಸಿಲನ್ನೇ ಫ್ಯಾನು ಮಾಡಿಕೊಂಡ ಗೋಡೆ ಅದು. ಚರಂಡಿಯ ಕಾಟ ಇಲ್ಲದಿದ್ದರೆ ಈ ಜಾಣ್ಮೆ ಹೊಳೆಯುತ್ತಿತ್ತೋ ಇಲ್ಲವೋ. ಬಂಡೆಯಿಂದ ಎಬ್ಬಿಸಿದ ಚಪ್ಪಡಿಯ ನಿಜವಾದ ಜಾಗ ಇದು ಎಂದು ನನಗೆ ಅನ್ನಿಸುತ್ತದೆ: ಒಳಗೆ ಮಣ್ಣಿನ ಇಟ್ಟಿಗೆಯ ಗೋಡೆ, ನಡುವೆ ಗಾಳಿಯ ಸಂದು, ಹೊರಗೆ ಬಿಸಿಲು ಮಳೆ ಎರಡನ್ನೂ ಮೈಮೇಲೆ ತೆಗೆದುಕೊಳ್ಳುವ ತೆಳು ಕಲ್ಲು.

ಬೆಳಕಿಗೆ ಏನು ಮಾಡುವುದು ಎಂಬ ಮಾತು ಉಳಿಯಿತು. ಕೆಲಸದ ಮೇಜಿಗೆ ಬೇಕಾದ ಬೆಳಕಿಗೆ ಇಡೀ ಗೋಡೆಯನ್ನು ಗಾಜು ಮಾಡಬೇಕಿಲ್ಲ. ದೇಶದ ಇಂಧನ ಮಿತವ್ಯಯ ಕಟ್ಟಡ ಸಂಹಿತೆಯೇ 2017ರ ಪರಿಷ್ಕರಣೆಯಲ್ಲಿ ಕಿಟಕಿಯ ಪಾಲನ್ನು ಹೊರಗೋಡೆಯ ನೂರಕ್ಕೆ 40ರ ಮಿತಿಗೆ ತಂದಿದೆ, 2007ರಲ್ಲಿ ಅದು 60 ಇತ್ತು. ಉತ್ತರಕ್ಕೆ ದೊಡ್ಡ ಕಿಟಕಿ, ದಕ್ಷಿಣಕ್ಕೆ ಸಜ್ಜದ ಅಡಿಯ ಕಿಟಕಿ, ಪೂರ್ವ ಪಶ್ಚಿಮಕ್ಕೆ ಜಾಲಂಧ್ರ. ಬೇಲೂರಿನ ಚೆನ್ನಕೇಶವ ಗುಡಿಯ ಮಂಟಪ ಮೊದಲು ತೆರೆದಿತ್ತು, ಸುಮಾರು ಐವತ್ತು ವರ್ಷದ ಮೇಲೆ ಹೊಯ್ಸಳರೇ ಅದಕ್ಕೆ ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದರು. ಇಂದು ಅದೇ ಕೆಲಸವನ್ನು ಇಟ್ಟಿಗೆಗಳ ನಡುವೆ ತೂತು ಬಿಟ್ಟು ಯಾವ ಗಾರೆ ಮೇಸ್ತ್ರಿ ಬೇಕಾದರೂ ಮಾಡಿಕೊಡಬಲ್ಲ.

ದಾಬಸ್‌ಪೇಟೆ, ಸೋಂಪುರ, ನೆಲಮಂಗಲದಲ್ಲಿ ಕಚೇರಿಯೋ ಅಂಗಡಿಯೋ ಕಟ್ಟಿಸಲು ಹೊರಟವರಲ್ಲಿ ನನ್ನದೊಂದು ಬೇಡಿಕೆ. ಗಾಜಿನವರಿಗೆ ಮುಂಗಡ ಕೊಡುವ ಮೊದಲು ನಿಮ್ಮ ಪಾಯದ ಮಣ್ಣನ್ನು ಒಂದು ಚೀಲ ತುಂಬಿ ಪರೀಕ್ಷೆಗೆ ಕಳುಹಿಸಿ. ಮಣ್ಣಿನ ಇಟ್ಟಿಗೆಗೆ ಭಾರತೀಯ ಮಾನಕವೇ ಇದೆ, ಐಎಸ್ 1725, ಅದು 2013ರಲ್ಲಿ ಪರಿಷ್ಕೃತಗೊಂಡಿದೆ. ನಿಮ್ಮ ಎಂಜಿನಿಯರು ಒಪ್ಪದಿದ್ದರೆ ಅದನ್ನು ಅವರ ಮೇಜಿನ ಮೇಲಿಡಿ. ಇಡೀ ಕಟ್ಟಡಕ್ಕೆ ಧೈರ್ಯ ಬಾರದಿದ್ದರೆ ಪಡುವಣ ಗೋಡೆಯೊಂದನ್ನಾದರೂ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿಸಿ.